ದೇಹದ ಋಣ

ಮೈಯ ಬಗ್ಗೆ ಕಾಳಜಿ ವಹಿಸುವುದು ಸ್ವಾರ್ಥವೇ, ಕರ್ತವ್ಯವೇ? ಈ ಪ್ರಶ್ನೆಯನ್ನು ನಾವು ಬಾಯಿಬಿಟ್ಟು ಕೇಳಿಕೊಳ್ಳುವುದು ಅಪರೂಪ. ಆದರೆ ಅದಕ್ಕೆ ನಮ್ಮ ಮನೆಗಳಲ್ಲಿ ದಿನನಿತ್ಯವೂ ಉತ್ತರ ಕೊಡುತ್ತಲೇ ಇರುತ್ತೇವೆ. ಎಲ್ಲರಿಗೂ ಬಡಿಸಿ, ಉಳಿದದ್ದನ್ನು ನಿಂತುಕೊಂಡೇ ತಿಂದು ಮುಗಿಸುವ ತಾಯಿಯನ್ನೂ, ನಸುಕಿನ ಲೋಕಲ್ ಗಾಡಿಗೆ ಹೋಗಿ ನಡುರಾತ್ರಿಯ ಗಾಡಿಗೆ ಮರಳುವ ತಂದೆಯನ್ನೂ ತ್ಯಾಗಮೂರ್ತಿಗಳೆಂದು ಹೊಗಳುತ್ತೇವೆ. ಹೊತ್ತಿಗೆ ಸರಿಯಾಗಿ ಉಂಡು, ಬೆಳಿಗ್ಗೆ ಎದ್ದು ಒಂದು ಸುತ್ತು ನಡೆದು ಬರುವವನನ್ನು ಕಂಡರೆ, 'ಅವನಿಗೇನು, ತನ್ನ ಮೈ ತಾನು ನೋಡಿಕೊಂಡರಾಯಿತು' ಎನ್ನುತ್ತೇವೆ. ಈ ಹೊಗಳಿಕೆಯೂ ಈ ತೆಗಳಿಕೆಯೂ ಎಷ್ಟರಮಟ್ಟಿಗೆ ಸರಿ?

ವಿಚಾರಕ್ಕೆ ಒಂದು ಹಾಯಿದೋಣಿಯನ್ನು ತೆಗೆದುಕೊಳ್ಳೋಣ. ದೋಣಿಯೇ ಏಕೆಂದರೆ, ನೆಲದ ಮೇಲೆ ಮಸುಕಾಗಿ ಕಾಣುವ ಲೆಕ್ಕ ಅಲ್ಲಿ ನಿಚ್ಚಳವಾಗಿ ಕಾಣುತ್ತದೆ. 2024ರ ಅಕ್ಟೋಬರ್ 2ರಂದು ನಮ್ಮ ನೌಕಾಪಡೆಯ 'ತಾರಿಣಿ' ಎಂಬ ಹಾಯಿದೋಣಿ ಗೋವೆಯಿಂದ ಭೂಪ್ರದಕ್ಷಿಣೆಗೆ ಹೊರಟಿತು. ಅದರಲ್ಲಿದ್ದವರು ದಿಲ್ನಾ ಕೆ. ಮತ್ತು ರೂಪಾ ಎ. ಎಂಬ ಇಬ್ಬರೇ ಅಧಿಕಾರಿಣಿಯರು. ಫ್ರೀಮ್ಯಾಂಟಲ್, ಲಿಟಲ್‌ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್ ಬಂದರುಗಳಲ್ಲಿ ತಂಗಿ, ಸುಮಾರು ಎಂಟು ತಿಂಗಳ ಬಳಿಕ, 2025ರ ಮೇ 29ರಂದು, ಅವರು ಗೋವೆಗೆ ಮರಳಿದರು. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ನಿದ್ರಿಸಬೇಕಾದರೆ ಇನ್ನೊಬ್ಬರು ಎಚ್ಚರವಿರಬೇಕು. ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರ ಪಾಳಿಗೆ ಕೊನೆಯೇ ಇಲ್ಲ. ಅಲ್ಲಿ 'ನನ್ನ ಮೈ, ನನ್ನ ಇಷ್ಟ' ಎಂಬ ಮಾತಿಗೆ ಅರ್ಥವೇನು?

ಹಾಯಿದೋಣಿಯ ಬದುಕು ಮೈಗೆ ಒಂದು ವಿಚಿತ್ರ ಪರೀಕ್ಷೆ. ಹಗ್ಗ ಜಗ್ಗುವ ತೋಳುಗಳಿಗೆ ದುಡಿಮೆ ಸಾಕಷ್ಟಿದೆ. ನಡೆಯಲು ಜಾಗವಿಲ್ಲದೆ ಕಾಲುಗಳು ಸೊರಗುತ್ತವೆ. ಆದುದರಿಂದ ಅನುಭವಿಗಳು ಆಸರೆ ಹಿಡಿದು ಬಸ್ಕಿ ಹೊಡೆಯುತ್ತಾರೆ, ರಬ್ಬರ್ ಪಟ್ಟಿ ಎಳೆಯುತ್ತಾರೆ. 1968-69ರಲ್ಲಿ ಒಂಟಿಯಾಗಿ ಸಾಗರಯಾನ ಮಾಡಿದ ಫ್ರಾನ್ಸಿನ ಬರ್ನಾರ್ ಮೊತೆಸಿಯೆ ದೋಣಿಯಲ್ಲಿಯೇ ಯೋಗಾಭ್ಯಾಸ ನಡೆಸಿದ. ಇನ್ನು ಅಡಿಗೆ. ದೋಣಿ ಓಲಿದಾಗ ಪಾತ್ರೆ ಚೆಲ್ಲದಂತೆ ಒಲೆಯನ್ನೇ ತೂಗುಹಾಕಿರುತ್ತಾರೆ. ಮುಚ್ಚಳ ಬಿಗಿಯುವ ಕುಕ್ಕರ್ ಅಲ್ಲಿ ಅಡಿಗೆಯವನ ಆಪ್ತಮಿತ್ರ. ಈರುಳ್ಳಿ, ಆಲೂಗಡ್ಡೆ, ಕುಂಬಳಕಾಯಿ, ಎಲೆಕೋಸು ವಾರಗಟ್ಟಲೆ ಬಾಳುತ್ತವೆ. ಹಸಿರು ತೀರಿದ ಮೇಲೆ ಹೆಸರುಕಾಳು ನೆನೆಸಿ ಮೊಳಕೆ ಬರಿಸುತ್ತಾರೆ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ 'ಸಿ' ಜೀವಸತ್ತ್ವ ಮೊಳಕೆಯಲ್ಲಿ ಹುಟ್ಟಿಕೊಳ್ಳುತ್ತದೆ. ನಮ್ಮ ಕೋಸಂಬರಿಯ ಕಾಳು ನಡುಗಡಲಿನಲ್ಲಿ ತೋಟದ ಕೆಲಸ ಮಾಡುತ್ತದೆ.

ಇಷ್ಟೆಲ್ಲ ಏರ್ಪಾಡಿದ್ದರೂ ದೋಣಿಯಲ್ಲಿ ಉಪವಾಸ ಬೀಳುವುದು ಸುಲಭ. ಹೊಟ್ಟೆ ತೊಳಸುವಾಗ ಊಟ ಬೇಡವೆನ್ನಿಸುತ್ತದೆ. ಒಳಗಿಳಿದು ನೀರು ತರುವುದೂ ಬೇಸರವಾಗುತ್ತದೆ. 'ನನಗೇನೂ ಬೇಡ, ನೀನು ಉಣ್ಣು' ಎಂಬ ಮಾತು ಕೇಳಲು ಇಂಪಾಗಿದೆ. ಆದರೆ ನೀರಿಲ್ಲದೆ ಬಳಲಿದವನ ತೀರ್ಮಾನ ತಪ್ಪುತ್ತದೆ, ಕತ್ತಲಲ್ಲಿ ಕೈ ತಡವರಿಸುತ್ತದೆ. ಅದರ ಬೆಲೆ ತೆರುವವನು ಕೆಳಗೆ ನಂಬಿ ಮಲಗಿರುವ ಸಂಗಾತಿ. ಹೀಗಿರುವಾಗ ಅಲ್ಲಿ ಬೇಡವಾದರೂ ನಾಲ್ಕು ತುತ್ತು ಉಣ್ಣುವುದೇ ಪರೋಪಕಾರ. ದೇಹ ನಮ್ಮದೇ ಹೌದು. ಆದರೆ ಅದರ ಮೇಲೆ ಇತರರ ಋಣವೂ ಇದೆ.

ಹಾಗೆಂದು ಭಾರವನ್ನೆಲ್ಲ ಒಬ್ಬೊಬ್ಬನ ಹೆಗಲಿಗೇ ಹೊರಿಸಿದರೆ ಅನ್ಯಾಯವಾದೀತು. ಇಂಗ್ಲೆಂಡಿನ ಆನ್ಸನ್ 1740ರಲ್ಲಿ ಕೊಂಡೊಯ್ದ ನೌಕಾದಳದಲ್ಲಿ ಸುಮಾರು 1,900 ಮಂದಿ ಇದ್ದರು. ಅವರಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಶತ್ರುವಿನ ಗುಂಡಿಗೆ ಬಿದ್ದವರು ಬೆರಳೆಣಿಕೆಯಷ್ಟು, ಉಳಿದವರನ್ನು ಒಯ್ದದ್ದು ಬಹುಪಾಲು ಸ್ಕರ್ವಿಯಂಥ ರೋಗಗಳು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ಮಂದಿ ಸ್ಕರ್ವಿ ರೋಗಿಗಳಿಗೆ ಇಬ್ಬಿಬ್ಬರಂತೆ ಆರು ಬಗೆಯ ಔಷಧ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗನೆ ಚೇತರಿಸಿಕೊಂಡರು. 1753ರಲ್ಲಿ ಅವನ ಗ್ರಂಥವೂ ಹೊರಬಂತು. ಆದರೆ ಬ್ರಿಟಿಷ್ ನೌಕಾಪಡೆ ನಾವಿಕರಿಗೆಲ್ಲ ನಿಂಬೆರಸ ಕೊಡಲು ತೀರ್ಮಾನಿಸಿದ್ದು 1795ರಲ್ಲಿ! ನಡುವಿನ ವರ್ಷಗಳಲ್ಲಿ ಸತ್ತ ನಾವಿಕನಿಗೆ 'ನೀನೇಕೆ ಮೈ ನೋಡಿಕೊಳ್ಳಲಿಲ್ಲ' ಎಂದು ಕೇಳುವ ಅಧಿಕಾರ ಯಾರಿಗಿದೆ? ಅವನ ತಟ್ಟೆಗೆ ಏನು ಬೀಳಬೇಕೆಂದು ಗೊತ್ತುಮಾಡುವವರು ಬೇರೆಯವರಾಗಿದ್ದರು.

ಕ್ಯಾಪ್ಟನ್ ಕುಕ್‌ನ ಯುಕ್ತಿಯನ್ನೂ ಇಲ್ಲಿ ನೆನೆಯಬೇಕು. 1768ರಲ್ಲಿ ಹೊರಟ ತನ್ನ 'ಎಂಡೆವರ್' ಹಡಗಿನಲ್ಲಿ ಅವನು ಹುಳಿ ಬರಿಸಿದ ಎಲೆಕೋಸನ್ನು ತುಂಬಿಕೊಂಡಿದ್ದ. ನಾವಿಕರು ಮೊದಲು ಅದನ್ನು ಮುಟ್ಟಲಿಲ್ಲ. ಕುಕ್ ಒತ್ತಾಯಿಸಲಿಲ್ಲ, ದಿನವೂ ತನ್ನ ಮೇಜಿಗೆ, ಅಧಿಕಾರಿಗಳ ಮೇಜಿಗೆ ಅದನ್ನೇ ಬಡಿಸಿಸಿದ. ದೊಡ್ಡವರು ತಿನ್ನುವುದನ್ನು ಕಂಡ ಮೇಲೆ ಬೇಡಿಕೆ ಹೆಚ್ಚಿ, ಒಂದು ವಾರದೊಳಗೆ ತಲೆಗಿಷ್ಟು ಎಂದು ಅಳೆದು ಕೊಡಬೇಕಾಯಿತು. ಮನೆಯ ಮಕ್ಕಳು ಕಲಿಯುವುದೂ ಹೀಗೆಯೇ. ಹಿರಿಯರ ಉಪದೇಶಕ್ಕಿಂತ ಹಿರಿಯರ ತಟ್ಟೆ ಅವರ ಕಣ್ಣಿಗೆ ಬೇಗ ಬೀಳುತ್ತದೆ.

ಇನ್ನೊಂದು ಆಕ್ಷೇಪವುಂಟು. ಆರೋಗ್ಯವೇ ಕರ್ತವ್ಯವೆಂದರೆ ಕಾಯಿಲೆ ಬಿದ್ದವನು ಕರ್ತವ್ಯಭ್ರಷ್ಟನೇ? ಖಂಡಿತ ಅಲ್ಲ. 2012ರ ನವೆಂಬರ್ 1ರಂದು ಮುಂಬಯಿಯಿಂದ ಹೊರಟು, ಒಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ ಬಂದ ಅಭಿಲಾಷ್ ಟಾಮಿಯವರನ್ನು ಮೈ ಸಾಧಿಸದವರೆಂದು ಯಾರೂ ಹೇಳಲಾರರು. 2018ರ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿ ಅವರ ದೋಣಿಯ ಕೂವೆಗಳನ್ನು ಮುರಿಯಿತು. ಬೆನ್ನೆಲುಬಿಗೆ ಪೆಟ್ಟಾಗಿ ಅವರು ಏಳಲಾರದೆ ಮಲಗಿದರು. ಅದೇ ಸ್ಪರ್ಧೆಯಲ್ಲಿದ್ದ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್, ತನ್ನ ದೋಣಿಯ ಕೂವೆಯೂ ಮುರಿದಿದ್ದರೂ, ಅವರಿದ್ದ ಕಡೆಗೆ ಹೊರಟ. ಕೊನೆಗೆ 'ಒಸಿರಿಸ್' ಎಂಬ ಫ್ರೆಂಚ್ ಹಡಗು ಅವರನ್ನು ಎತ್ತಿಕೊಂಡಿತು. ಅವರು ಶಸ್ತ್ರಚಿಕಿತ್ಸೆಯಾಗಿ, ಮತ್ತೆ ನಡೆಯಲು ಕಲಿತು, 2022ರಲ್ಲಿ ಅದೇ ಸ್ಪರ್ಧೆಗೆ ಹೊರಟು 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ಮುಟ್ಟಿದರು. ಸಮುದ್ರದ ನೀತಿಯಲ್ಲಿ ಎರಡೂ ಇವೆ: ಕೈಲಾದಷ್ಟು ಮೈಯನ್ನು ಕಾಯಬೇಕು, ಕೈಮೀರಿ ಬಿದ್ದವನನ್ನು ಯಾರದು ತಪ್ಪೆಂದು ಕೇಳದೆ ಎತ್ತಬೇಕು. ಎರಡನೆಯದನ್ನು ಬಿಟ್ಟ ಆರೋಗ್ಯಬೋಧೆ ಬರಿಯ ಗರ್ವ.

ಈಗ ಮನೆಗೆ ಬರೋಣ. ಊರಿನಿಂದ ದೂರವಿರುವ ನಮ್ಮ ಸಂಸಾರಗಳೂ ಒಂದು ರೀತಿಯಲ್ಲಿ ಸಣ್ಣ ದೋಣಿಗಳೇ. ಊರಿನಲ್ಲಿ ಒಬ್ಬರು ಮಲಗಿದರೆ ಅತ್ತಿಗೆಯೋ ಚಿಕ್ಕಮ್ಮನೋ ಒಲೆ ಹೊತ್ತಿಸುತ್ತಾರೆ. ಇಲ್ಲಿ ಪಾಳಿ ಬದಲಿಸಲು ಇರುವವರು ಒಬ್ಬರೋ ಇಬ್ಬರೋ. ನಿಜವಾಗಿ ಅನ್ನವೇ ಸಾಲದ ದಿನ ಮಕ್ಕಳಿಗಾಗಿ ತನ್ನ ತುತ್ತು ಬಿಟ್ಟ ತಾಯಿಗೆ ನಾವು ತಲೆಬಾಗಬೇಕು. ಆದರೆ ಡಬ್ಬಿ ತುಂಬಿರುವ ದಿನವೂ ಅವಳು ಕೊನೆಗೇ ಉಣ್ಣಬೇಕೆಂಬುದು ತ್ಯಾಗವಲ್ಲ. ಅದು ಅವಳಿಂದ ನಾವು ಮಾಡಿಸಿಕೊಳ್ಳುತ್ತಿರುವ ಅಭ್ಯಾಸ. ಅದನ್ನು ಹೊಗಳುತ್ತ ಹೋದಷ್ಟು ಕಾಲ ಬದಲಾಯಿಸುವ ಗೋಜಿಗೆ ನಾವು ಹೋಗುವುದಿಲ್ಲ. ತಂದೆಯ ಬಿಡುವಿಲ್ಲದ ದುಡಿಮೆಗೂ ಇದೇ ಮಾತು ಸಲ್ಲುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಊಟ ಬಲ್ಲವರು ಎಂದರೆ ತಾವು ಏನು ಉಣ್ಣಬೇಕೆಂದು ಅರಿತವರು ಮಾತ್ರವಲ್ಲ; ಮನೆಯಲ್ಲಿ ಇನ್ನೂ ಯಾರು ಉಂಡಿಲ್ಲವೆಂದು ನೋಡುವವರೂ ಹೌದು. ಇಂದು ರಾತ್ರಿ ತಟ್ಟೆ ಹಾಕುವಾಗ ಎಲ್ಲರ ತಟ್ಟೆಗಳನ್ನೂ ಒಟ್ಟಿಗೆ ಹಾಕೋಣ, ಬಡಿಸುವವರದನ್ನೂ ಸೇರಿಸಿ.