ಸೆರೆಯಾಳಿನ ಋಣ ಯಾರಿಗೆ?

ಯುದ್ಧದಲ್ಲಿ ಸೆರೆಸಿಕ್ಕವನು ಬದುಕುಳಿಯುವುದನ್ನೂ ತಪ್ಪಿಸಿಕೊಂಡು ಬರುವುದನ್ನೂ ಲೋಕವು ಸಾಮಾನ್ಯವಾಗಿ ಅವನ ವೈಯಕ್ತಿಕ ಧೈರ್ಯದ ಪರೀಕ್ಷೆಯೆಂದು ಭಾವಿಸುತ್ತದೆ. ತಪ್ಪಿಸಿಕೊಂಡವನು ವೀರನೆನಿಸಿಕೊಳ್ಳುತ್ತಾನೆ, ಸೆರೆಯಲ್ಲೇ ಸತ್ತವನು ಹುತಾತ್ಮನಾಗುತ್ತಾನೆ. ಆದರೆ ಶತ್ರುವಿನ ಅನ್ನ ಉಂಡು, ಅವನು ಹೇಳಿದ ಉಡುಪು ತೊಟ್ಟು, ಹೇಗೋ ಜೀವ ಉಳಿಸಿಕೊಂಡು ಮರಳಿದವನ ಮೇಲೆ ಮಾತ್ರ ಸಂಶಯದ ಕಣ್ಣು ಬೀಳುತ್ತದೆ. ಸೆರೆಯಾಳು ತನ್ನ ಪಕ್ಷಕ್ಕೆ ಏನನ್ನು ಸಲ್ಲಿಸಬೇಕು ಎಂಬ ಪ್ರಶ್ನೆ ಈ ಸಂಶಯದ ಹಿಂದಿದೆ. ಅವನ ಪಕ್ಷವು ಅವನಿಗೆ ಏನನ್ನು ಸಲ್ಲಿಸಬೇಕು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ಮೊದಲನೆಯದನ್ನು ನ್ಯಾಯವಾಗಿ ತೀರ್ಮಾನಿಸಲು ಸಾಧ್ಯವಿಲ್ಲವೆಂಬುದೇ ಪ್ರಸ್ತುತ ವಾದ.

ಈ ವಾದಕ್ಕೆ ಬೇಕಾದ ನಿದರ್ಶನಗಳು ಶಿವಮೊಗ್ಗ ಸೀಮೆಯ ಹದಿನೆಂಟನೆಯ ಶತಮಾನದ ಚರಿತ್ರೆಯಲ್ಲಿಯೇ ಇವೆ. ಇಂದಿನ ಶಿವಮೊಗ್ಗ ನಗರವೂ, ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಯೂ ಸೇರಿದಂತೆ ತುಂಗಾ–ಭದ್ರೆಯರ ಈ ಪ್ರದೇಶ ಕೆಳದಿ ಅರಸರ ಆಳ್ವಿಕೆಯಿಂದ ಹೈದರ್ ಅಲಿಯ ಕೈಗೂ, ಅಲ್ಲಿಂದ ಟಿಪ್ಪುವಿನ ಕೈಗೂ ಹೋಗಿ, ನಡುನಡುವೆ ಮರಾಠರ ಮತ್ತು ಇಂಗ್ಲಿಷರ ದಾಳಿಗೂ ತುತ್ತಾಯಿತು. ಹೀಗೆ ಒಡೆಯರು ಬದಲಾದಂತೆಲ್ಲ ಸೆರೆಯಾಳುಗಳೂ ಕೈಯಿಂದ ಕೈಗೆ ಸಾಗಿದರು.

ಕೆಳದಿಯ ಕೊನೆಯ ರಾಣಿ ವೀರಮ್ಮಾಜಿ 1763ರಲ್ಲಿ ರಾಜಧಾನಿ ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ, ಹೈದರನ ವಶವಾದ ಮೇಲೆ ದತ್ತುಪುತ್ರನೊಡನೆ ಮಧುಗಿರಿಯ ಕೋಟೆಯಲ್ಲಿ ಬಂಧಿಯಾದಳು. 1767ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಮಧುಗಿರಿಯನ್ನು ಹಿಡಿದಾಗ ಅವಳ ಸೆರೆ ಬಿಟ್ಟಿತಾದರೂ ಅವಳ ಪ್ರಯಾಣ ಬಿದನೂರಿನ ಕಡೆಗಲ್ಲ, ಪುಣೆಯ ಕಡೆಗೆ ಸಾಗಿತು, ಮತ್ತು ಅವಳು ದಾರಿಯಲ್ಲಿಯೇ ತೀರಿಕೊಂಡಳು. ಕೋಟೆಯ ಬಾಗಿಲು ತೆರೆದರೂ ಮರಳಲು ರಾಜ್ಯವಿಲ್ಲದವಳಿಗೆ ಸಿಕ್ಕ ಆ ಬಿಡುಗಡೆ, ಕಾವಲುಗಾರರು ಬದಲಾದದ್ದಕ್ಕಿಂತ ಎಷ್ಟು ಹೆಚ್ಚಿನದಾಗಿತ್ತು ಎಂದು ಕೇಳಬೇಕಾಗುತ್ತದೆ.

ಎರಡನೆಯ ನಿದರ್ಶನ ಇನ್ನೂ ಜಟಿಲವಾದುದು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಹೇಳುವಂತೆ, ಹೈದರನ ಮಲಬಾರ್ ದಂಡಯಾತ್ರೆಯಲ್ಲಿ ಸೆರೆಸಿಕ್ಕ ನಾಯರ್ ಹುಡುಗನೊಬ್ಬ ಮತಾಂತರಗೊಂಡು, ಅಯಾಜ್ ಎಂಬ ಹೆಸರು ಪಡೆದು, ಹೈದರನ ಮೆಚ್ಚಿನವನಾಗಿ ಬೆಳೆದು, ಕೊನೆಗೆ ಬಿದನೂರಿನ ಅಧಿಪತಿಯಾದನು. 1782ರ ಡಿಸೆಂಬರ್‌ನಲ್ಲಿ ಹೈದರ್ ಸತ್ತಾಗ, ಟಿಪ್ಪುವಿನಿಂದ ತನ್ನ ಜೀವಕ್ಕೆ ಅಪಾಯವಿದೆಯೆಂದು ನಂಬಿದ ಅಯಾಜ್, 1783ರ ಆರಂಭದಲ್ಲಿ ಬಿದನೂರನ್ನು ಇಂಗ್ಲಿಷ್ ಸೇನಾನಿ ಜನರಲ್ ಮ್ಯಾಥ್ಯೂಸ್‌ಗೆ ಒಪ್ಪಿಸಿ, ಮುಂದೆ ಬೊಂಬಾಯಿ ಸೇರಿಕೊಂಡನು. ಇದನ್ನು ದ್ರೋಹವೆನ್ನುವವರು ಒಂದು ಮಾತನ್ನು ಗಮನಿಸಬೇಕು: ಬಾಲ್ಯದಲ್ಲಿ ಹೆಸರನ್ನೂ ಧರ್ಮವನ್ನೂ ಕಳೆದುಕೊಂಡವನ ನಿಷ್ಠೆಯು ಅವನ ಮುಕ್ತ ಆಯ್ಕೆಯಿಂದ ಹುಟ್ಟಿದ್ದಲ್ಲ. ಆದರೆ ಅವನು ವರ್ಷಗಟ್ಟಲೆ ಅಧಿಕಾರವನ್ನು ಅನುಭವಿಸಿದ್ದೂ ನಿಜವಾದ್ದರಿಂದ ಅವನನ್ನು ಕೇವಲ ಬಲಿಪಶುವೆಂದು ಬಿಟ್ಟುಬಿಡಲೂ ಆಗುವುದಿಲ್ಲ.

ಮ್ಯಾಥ್ಯೂಸನ ಗೆಲುವು ಕೆಲವೇ ತಿಂಗಳು ಬಾಳಿತು. ಟಿಪ್ಪು ಬಿದನೂರನ್ನು ಮುತ್ತಿದಾಗ, 1783ರ ಏಪ್ರಿಲ್ ಕೊನೆಯ ವೇಳೆಗೆ ಇಂಗ್ಲಿಷ್ ಪಡೆ ಕರಾವಳಿಗೆ ಹೋಗಲು ಬಿಡಬೇಕೆಂಬ ಷರತ್ತಿನ ಮೇಲೆ ಶರಣಾಯಿತು. ಖಜಾನೆಯ ಹಣವನ್ನು ಒಪ್ಪಿಸದೆ ಬಚ್ಚಿಟ್ಟು ಷರತ್ತು ಮುರಿದರೆಂಬ ಕಾರಣದಿಂದ ಆ ಪಡೆಯನ್ನು ಸೆರೆಹಿಡಿದು ಚಿತ್ರದುರ್ಗ, ಶ್ರೀರಂಗಪಟ್ಟಣ ಮೊದಲಾದ ಕೋಟೆಗಳಿಗೆ ಸಾಗಿಸಲಾಯಿತು. ಮ್ಯಾಥ್ಯೂಸ್ ಅದೇ ವರ್ಷ ಸೆರೆಯಲ್ಲಿ ಸತ್ತನು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಂತೆ ಸೆರೆಯಾಳುಗಳ ಬಿಡುಗಡೆಯಾಯಿತಾದರೂ, ಚೇಲಾ ಪಡೆಗಳಿಗೆ, ಅಂದರೆ ಸೆರೆಯಾಳುಗಳನ್ನು ಮತಾಂತರಿಸಿ ಕಟ್ಟಿದ ಪಡೆಗಳಿಗೆ, ಸೇರಿಸಲ್ಪಟ್ಟಿದ್ದ ಹಲವರು ಉಳಿದುಕೊಂಡರು. ಅಂಥ ಬಂಧನದಿಂದ ಮುಂದೆ ಪಾರಾದ ಜೇಮ್ಸ್ ಬ್ರಿಸ್ಟೋ 1793ರಲ್ಲಿ ತನ್ನ ಹತ್ತು ವರ್ಷಗಳ ಸೆರೆಯ ಕಥನವನ್ನು ಪ್ರಕಟಿಸಿದನು; ಜೇಮ್ಸ್ ಸ್ಕರ್ರಿಯದು 1824ರಲ್ಲಿ ಹೊರಬಂತು. ಈ ಕಥನಗಳನ್ನು ಟಿಪ್ಪುವಿನ ವಿರುದ್ಧದ ಪ್ರಚಾರಕ್ಕೆ ಬಳಸಿಕೊಂಡದ್ದರಿಂದ ಅವುಗಳನ್ನು ಎಚ್ಚರದಿಂದ ಓದಬೇಕು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಬಿದನೂರಿನಲ್ಲಿ ಸೆರೆಸಿಕ್ಕವರಲ್ಲಿ ಬಹುಪಾಲು ಭಾರತೀಯ ಸಿಪಾಯಿಗಳೇ ಆಗಿದ್ದರೂ ಓದುಗರ ಕೈಗೆ ಬಂದದ್ದು ಮುಖ್ಯವಾಗಿ ಬಿಳಿಯರ ಸೆರೆಕಥನಗಳು. ಯಾರ ಪಾಡು ಕಥನವಾಗಿ ಉಳಿಯುತ್ತದೆ ಎಂಬುದನ್ನು ಪಟ್ಟ ಕಷ್ಟದ ಪ್ರಮಾಣವು ನಿರ್ಧರಿಸುವುದಿಲ್ಲ. ಕೇಳುವ ಸಮಾಜವು ಯಾರನ್ನು ತನ್ನವರೆಂದು ಎಣಿಸುತ್ತದೆ ಎಂಬುದು ನಿರ್ಧರಿಸುತ್ತದೆ.

ಆಧುನಿಕ ಕಾನೂನು ಸೆರೆಯಾಳು ಮತ್ತು ಸೆರೆಹಿಡಿದವನ ಸಂಬಂಧವನ್ನು ಬಹುಮಟ್ಟಿಗೆ ಸ್ಪಷ್ಟಪಡಿಸಿದೆ. 1949ರ ಮೂರನೆಯ ಜಿನೀವಾ ಒಪ್ಪಂದದ 87ನೆಯ ವಿಧಿಯು, ಸೆರೆಯಾಳು ತನ್ನನ್ನು ಹಿಡಿದಿಟ್ಟ ರಾಷ್ಟ್ರಕ್ಕೆ ನಿಷ್ಠೆಯ ಹೊಣೆ ಹೊತ್ತವನಲ್ಲವೆಂದೂ, ಅವನ ಬಂಧನ ಅವನ ಇಚ್ಛೆಯಿಂದ ಆದುದಲ್ಲವೆಂದೂ ಗುರುತಿಸುತ್ತದೆ. ಇದರಿಂದಲೇ ತಪ್ಪಿಸಿಕೊಳ್ಳುವ ಯತ್ನಕ್ಕೆ ಶಿಸ್ತಿನ ಕ್ರಮವಲ್ಲದೆ ಬೇರೆ ಶಿಕ್ಷೆಯಿಲ್ಲ ಎಂಬ 92ನೆಯ ವಿಧಿಗೆ ಅರ್ಥ ಬರುತ್ತದೆ. 1972ರ ಆಗಸ್ಟ್‌ನಲ್ಲಿ ರಾವಲ್ಪಿಂಡಿಯ ಶಿಬಿರದ ಗೋಡೆ ಕೊರೆದು ಹೊರಬಿದ್ದು ಅಫ್ಘಾನಿಸ್ತಾನದ ಗಡಿಯ ಸಮೀಪ ಸಿಕ್ಕಿಬಿದ್ದ ಭಾರತೀಯ ವಾಯುಪಡೆಯ ಮೂವರು ಅಧಿಕಾರಿಗಳು ಅದೇ ವರ್ಷ ಉಳಿದವರೊಡನೆ ತಾಯ್ನಾಡಿಗೆ ಮರಳಿದರು. ಆದರೆ ತಪ್ಪಿಸಿಕೊಳ್ಳುವುದಿಲ್ಲವೆಂದು ಸ್ವಂತ ಇಚ್ಛೆಯಿಂದ ಮಾತು ಕೊಟ್ಟು ಬಿಡುಗಡೆ ಪಡೆದವನನ್ನು ಆ ಮಾತು ಕಟ್ಟಿಹಾಕುತ್ತದೆಯೆಂದು 21ನೆಯ ವಿಧಿ ಹೇಳುತ್ತದೆ. ಇಚ್ಛೆ ಇದ್ದಲ್ಲಿ ಮಾತ್ರ ಹೊಣೆ ಹುಟ್ಟುತ್ತದೆ ಎಂಬ ತತ್ತ್ವವೇ ಎರಡೂ ಕಡೆ ಕೆಲಸ ಮಾಡುತ್ತಿದೆ.

ಇದಕ್ಕೊಂದು ಗಂಭೀರ ಆಕ್ಷೇಪವಿದೆ. ಬಲವಂತದ ಹೆಸರಿನಲ್ಲಿ ಎಲ್ಲವನ್ನೂ ಕ್ಷಮಿಸುತ್ತ ಹೋದರೆ, ಜೊತೆಯ ಸೆರೆಯಾಳನ್ನು ಹಿಡಿದುಕೊಟ್ಟು ತನ್ನ ತುತ್ತು ಹೆಚ್ಚಿಸಿಕೊಂಡವನೂ ನಿರ್ದೋಷಿಯಾಗಬೇಕಾಗುತ್ತದೆ. ಈ ಆಕ್ಷೇಪ ನಿಲ್ಲುವಂಥದ್ದೇ. ಆದರೆ ಅದು ಸಹಬಂಧಿಗಳಿಗೆ ಸಲ್ಲಬೇಕಾದ ಋಣವನ್ನು ಕುರಿತದ್ದು, ರಾಜ್ಯಕ್ಕೆ ಸಲ್ಲಬೇಕಾದುದನ್ನಲ್ಲ. ತನ್ನ ದೇಹಕ್ಕೆ ಹೇರಿದ ಹೆಸರನ್ನೋ ಉಡುಪನ್ನೋ ಸಹಿಸಿದವನು ಯಾರಿಗೂ ಕೇಡು ಮಾಡಿದವನಲ್ಲ. ಪಕ್ಕದವನ ಜೀವವನ್ನು ಮಾರಿದವನ ವಿಷಯ ಬೇರೆ. ಸಮಾಜಗಳು ಈ ಭೇದವನ್ನು ಮರೆತು ಸೆರೆಸಿಕ್ಕಿದ್ದನ್ನೇ ಅಪರಾಧವೆಂದು ಬಗೆದದ್ದುಂಟು: 1941ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ಹೊರಡಿಸಿದ 270ನೆಯ ಆಜ್ಞೆ, ಶತ್ರುವಿಗೆ ಶರಣಾದ ಅಧಿಕಾರಿಗಳನ್ನು ದ್ರೋಹಿಗಳೆಂದು ಕರೆದು ಅವರ ಕುಟುಂಬಗಳ ಬಂಧನಕ್ಕೂ ದಾರಿ ಮಾಡಿತು.

ಮರಳಲು ನೆಲೆಯಿಲ್ಲದ ಬಿಡುಗಡೆ ಏನಾಗುತ್ತದೆಂಬುದಕ್ಕೆ ಚನ್ನಗಿರಿಯ ಧೋಂಡಿಯಾ ವಾಘ್ ಸಾಕ್ಷಿ. ಟಿಪ್ಪುವಿನ ಸೆರೆಯಲ್ಲಿ ಬಲವಂತದ ಮತಾಂತರಕ್ಕೂ ಸಂಕೋಲೆಗೂ ಒಳಗಾಗಿದ್ದ ಅವನು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಗೊಂದಲದಲ್ಲಿ ಹೊರಬಿದ್ದು, ಚದುರಿದ ಸೈನಿಕರನ್ನು ಕೂಡಿಸಿ ಬಿದನೂರು ಸೀಮೆಯನ್ನು ಆಕ್ರಮಿಸಿದನು. ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಸೋತು ಉತ್ತರಕ್ಕೆ ಓಡಿ, 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆಯೆದುರು ಮಡಿದನು. ಅವನ ಮಹತ್ತ್ವಾಕಾಂಕ್ಷೆಯನ್ನು ಅಲ್ಲಗಳೆಯಬೇಕಾಗಿಲ್ಲ; ಆದರೆ ಸೆರೆಯಿಟ್ಟ ಅರಸ ಸತ್ತು, ಹಳೆಯ ವ್ಯವಸ್ಥೆ ಕುಸಿದು, ಹೊಸ ಒಡೆಯರ ದೃಷ್ಟಿಯಲ್ಲಿ ಕೇವಲ ದರೋಡೆಕೋರನೆನಿಸಿದವನಿಗೆ ಕತ್ತಿಯ ಹೊರತು ಬೇರೆ ಆಶ್ರಯವೂ ಉಳಿದಿರಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ನಿದರ್ಶನ ಕೊಡಗಿನ ಕಾರ್ಯಪ್ಪ ಕುಟುಂಬದ್ದು. 1965ರ ಯುದ್ಧದಲ್ಲಿ ವಿಮಾನ ಉರುಳಿ ಸೆರೆಸಿಕ್ಕ ಮಗನನ್ನು ಬಿಡಲು ಪಾಕಿಸ್ತಾನದ ಅಯೂಬ್ ಖಾನ್ ಮುಂದಾದಾಗ, ಜನರಲ್ ಕೆ. ಎಂ. ಕಾರ್ಯಪ್ಪ ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರೂ ತಮ್ಮ ಮಕ್ಕಳೇ ಎಂಬ ನಿಲುವು ತಳೆದು ಆ ವಿಶೇಷ ಉಪಕಾರವನ್ನು ನಿರಾಕರಿಸಿದರೆಂಬುದು ಪ್ರಸಿದ್ಧ. ಇದನ್ನು ತಂದೆಯ ತ್ಯಾಗವೆಂದು ಮಾತ್ರ ಕೊಂಡಾಡಿದರೆ ಅದರ ತಾತ್ತ್ವಿಕ ತಿರುಳು ಕೈತಪ್ಪುತ್ತದೆ. ಸೆರೆಯಾಳುಗಳಲ್ಲಿ ಮೇಲುಕೀಳಿಲ್ಲ, ಎಲ್ಲರನ್ನೂ ಮರಳಿ ಪಡೆಯುವ ಹೊಣೆ ಒಂದೇ ಸಮನಾದುದು ಎಂಬ ಅಂಗೀಕಾರ ಅಲ್ಲಿದೆ. ಸೆರೆಯಾಳನ್ನು ಶತ್ರುವಿನ ಕ್ರೌರ್ಯದಿಂದ ಕಾಯಲು ಒಪ್ಪಂದಗಳಿವೆ. ಸ್ವಜನರ ತಿರಸ್ಕಾರದಿಂದ ಕಾಯಲು ಯಾವ ಒಪ್ಪಂದವೂ ಇಲ್ಲ. ಯೋಧನನ್ನು ಅಪಾಯಕ್ಕೆ ಕಳಿಸಿದ ಸಮಾಜವೇ ಮೊದಲ ಸಾಲಗಾರನಾದ್ದರಿಂದ, ಮರಳಿದವನ ಬದುಕುಳಿಕೆಗೆ ಲೆಕ್ಕ ಕೇಳುವ ಮುನ್ನ ತನ್ನ ಬಾಕಿಯನ್ನು ತೀರಿಸಬೇಕಾದದ್ದು ಅದೇ.