ಕಿಲುಬಿನ ಮೇಲೆ ಕಲಾಯಿ ನಿಲ್ಲದು



ನಿಮ್ಮ ಅಡುಗೆ ಮನೆಯ ಅಟ್ಟದ ಮೇಲೆ ಅಜ್ಜಿಯ ಕಾಲದ ತಾಮ್ರದ ಪಾತ್ರೆಯೊಂದು ಇರಬಹುದು. ಅದನ್ನು ಕೆಳಗಿಳಿಸಿ ಒಮ್ಮೆ ಒಳಗೆ ಇಣುಕಿ ನೋಡಿ. ಬೆಳ್ಳಗೆ ಹೊಳೆಯಬೇಕಾದ ಒಳಮೈಯಲ್ಲಿ ಅಲ್ಲಲ್ಲಿ ತಾಮ್ರದ ಕೆಂಪು ಕಾಣುತ್ತಿದ್ದರೆ, ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿದ್ದರೆ, ಅದಕ್ಕೆ ಕಲಾಯಿ ಹಾಕಿಸುವ ಕಾಲ ಬಂದಿದೆ ಎಂದರ್ಥ. ಹುಣಸೆಹುಳಿ, ಮೊಸರು, ಟೊಮೆಟೊ ಹಾಕಿದ ಅಡುಗೆ ಬರಿಯ ತಾಮ್ರಕ್ಕೆ ತಗಲಿದರೆ ತಾಮ್ರದ ಅಂಶ ಅದರಲ್ಲಿ ಇಳಿದು ಹೊಟ್ಟೆಗೆ ಕೇಡಾಗುತ್ತದೆ. ಆದುದರಿಂದಲೇ ಹಿರಿಯರು ಒಳಗೆ ತವರದ ತೆಳುವಾದ ಪದರವನ್ನು ಹಚ್ಚಿಸುತ್ತಿದ್ದರು.

ಹಳೆಯದೆಂದು ಎಸೆದು ಹೊಸದನ್ನು ಕೊಳ್ಳುವುದು ಇಂದು ಸುಲಭ. ಆದರೆ ಸರಿಪಡಿಸಿ ಬಳಸುವುದು ನಮ್ಮ ಪ್ರವಾದಿಯವರ(ಸ) ಮನೆಯ ರೀತಿಯಾಗಿತ್ತು. ಅವರು ಮನೆಯಲ್ಲಿ ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಅವರು ಕುಡಿಯುತ್ತಿದ್ದ ಬಟ್ಟಲೊಂದು ಒಡೆದಾಗ ಆ ಬಿರುಕನ್ನು ಬೆಳ್ಳಿಯಿಂದ ಬಿಗಿದು ಸರಿಪಡಿಸಲಾಯಿತೆಂದು, ಆ ಬಟ್ಟಲು ಹ. ಅನಸ್‌(ರ)ರ ಬಳಿ ಜೋಪಾನವಾಗಿತ್ತೆಂದು ಬುಖಾರಿಯ ವರದಿಗಳಿಂದ ತಿಳಿಯುತ್ತದೆ. ಅನುಗ್ರಹದ ಬೆಲೆ ತಿಳಿದವನು ಅದನ್ನು ಬೇಗನೆ ಬಿಸಾಡುವುದಿಲ್ಲ.

ಈಗ ಕಲಾಯಿ ಹಾಕುವ ಕೆಲಸವನ್ನು ಗಮನಿಸಿ. ನಾನು ಚಿಕ್ಕವನಿದ್ದಾಗ ವರ್ಷಕ್ಕೊಮ್ಮೆ, ರಮಝಾನ್‌ಗೆ ಮೊದಲು, ವೃದ್ಧರೊಬ್ಬರು ನಮ್ಮ ಬೀದಿಗೆ ಬರುತ್ತಿದ್ದರು. ನೆಲದಲ್ಲಿ ಗುಳಿ ತೋಡಿ, ಇದ್ದಿಲು ತುಂಬಿ, ತಿದಿಯೊತ್ತಿ ಕೆಂಡ ಮಾಡುತ್ತಿದ್ದರು. ಆದರೆ ಪಾತ್ರೆಯನ್ನು ಒಮ್ಮೆಲೇ ಬೆಂಕಿಗಿಡುತ್ತಿರಲಿಲ್ಲ. ಮೊದಲು ಹುಣಸೆಹಣ್ಣು, ಮರಳು ಹಾಕಿ ತಿಕ್ಕುತ್ತಿದ್ದರು. ದೊಡ್ಡ ಪಾತ್ರೆಯಾದರೆ ಅದರೊಳಗೆ ಇಳಿದು, ಗೋಡೆ ಹಿಡಿದು, ಕಾಲಿನಿಂದ ತಿರುಗಿ ತಿರುಗಿ ಉಜ್ಜುತ್ತಿದ್ದರು. ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಬಳಿಕ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಏಳುತ್ತಿತ್ತು. ಉಳಿದಿದ್ದ ಕಿಲುಬೂ ಆಗ ಬಿಡುತ್ತದೆ. ಆಮೇಲೆ ತವರದ ಕಡ್ಡಿಯನ್ನು ಮುಟ್ಟಿಸಿದರೆ ಸಾಕು, 232 ಡಿಗ್ರಿ ಶಾಖದಲ್ಲಿ ತವರ ಕರಗುತ್ತದೆ. ಹತ್ತಿಯಿಂದ ಬೇಗಬೇಗನೆ ಒರೆಸಿದರೆ ಕ್ಷಣದಲ್ಲಿ ಒಳಮೈಯೆಲ್ಲ ಬೆಳ್ಳಿಯಂತಾಗುತ್ತಿತ್ತು.

"ಚಾಚಾ, ಬೆಳ್ಳಗಾಗುವುದಕ್ಕೆ ಇಷ್ಟೇ ಹೊತ್ತು. ಮತ್ತೆ ಅಷ್ಟು ಹೊತ್ತು ಯಾಕೆ ತಿಕ್ಕಿದಿರಿ?" ಎಂದು ನಾನು ಕೇಳಿದ್ದೆ.

"ಮಗಾ, ಕಿಲುಬಿನ ಮೇಲೆ ಕಲಾಯಿ ನಿಲ್ಲೋದಿಲ್ಲ. ಇವತ್ತು ಹೊಳೀತದೆ, ನಾಳೆ ಸಿಪ್ಪೆ ಏಳ್ತದೆ" ಎಂದರು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಮದ್ರಸಾದಲ್ಲಿ ಮಕ್ಕಳಿಗೆ ಕುರ್‌ಆನಿನ 83ನೇ ಅಧ್ಯಾಯವಾದ ಅಲ್ ಮುತಫ್ಫಿಫೀನ್ ಕಲಿಸುವಾಗ. ಅದರ 14ನೇ ವಚನದಲ್ಲಿ ಅಲ್ಲಾಹನು ಹೃದಯಕ್ಕೆ ಹಿಡಿಯುವ ತುಕ್ಕಿನ ಬಗ್ಗೆ ಹೇಳುತ್ತಾನೆ. ಆ ತುಕ್ಕು ಹೊರಗಿನಿಂದ ಬಂದದ್ದಲ್ಲ, ಅವರವರ ಗಳಿಕೆಯೇ ಹಾಗೆ ಮುತ್ತಿಕೊಂಡಿತೆನ್ನುತ್ತಾನೆ. ಪಾಪ ಮಾಡಿದಾಗ ಹೃದಯದ ಮೇಲೆ ಒಂದು ಕಪ್ಪು ಚುಕ್ಕೆ ಬೀಳುತ್ತದೆ, ಪಶ್ಚಾತ್ತಾಪಪಟ್ಟರೆ ಅದು ಉಜ್ಜಲ್ಪಟ್ಟು ಶುಭ್ರವಾಗುತ್ತದೆ, ಇಲ್ಲವಾದರೆ ಚುಕ್ಕೆಗಳು ಹೆಚ್ಚಿ ಹೃದಯವನ್ನೇ ಆವರಿಸುತ್ತವೆ, ಆ ತುಕ್ಕು ಇದೇ ಎಂದು ಪ್ರವಾದಿ(ಸ) ವಿವರಿಸಿದ್ದನ್ನು ತಿರ್ಮಿದಿ ವರದಿ ಮಾಡಿದ್ದಾರೆ.

ಆ ಅಧ್ಯಾಯ ಆರಂಭವಾಗುವುದು ಯಾರಿಂದ? ಅಳತೆಯಲ್ಲಿ, ತೂಕದಲ್ಲಿ ಕಡಿಮೆ ಕೊಡುವವರಿಂದ! ತಾವು ಪಡೆಯುವಾಗ ತುಂಬ ಅಳೆದುಕೊಂಡು, ಕೊಡುವಾಗ ಕಡಿಮೆ ಮಾಡುವವರಿಂದ. ತಕ್ಕಡಿಯ ಮಾತಿನಿಂದ ಹೊರಟ ಅಧ್ಯಾಯ ಹೃದಯದ ತುಕ್ಕಿಗೆ ಬಂದು ಮುಟ್ಟುತ್ತದೆ. ಅಂದು ಈ ವಚನಗಳನ್ನು ಮಕ್ಕಳಿಗೆ ಓದಿಸುತ್ತಿದ್ದಂತೆ ನನ್ನ ನಾಲಿಗೆ ತಡೆಯಿತು.

ಕಾರಣವನ್ನು ಮುಚ್ಚಿಡುವುದಿಲ್ಲ. ನನಗೆ ಹತ್ತು ವರ್ಷವಿದ್ದಾಗ ಆ ವೃದ್ಧರಿಗೆ ಕೊಡಲೆಂದು ತಾಯಿ ನನ್ನ ಕೈಗೆ ನಲವತ್ತು ರೂಪಾಯಿ ಇತ್ತಿದ್ದರು. ನಾನು ಮೂವತ್ತೈದು ಕೊಟ್ಟೆ. ಹೊಗೆಯಿಂದ ಅವರ ಕಣ್ಣು ಮಂಜಾಗಿತ್ತು. ಎಣಿಸದೆ ಜೇಬಿಗೆ ಹಾಕಿಕೊಂಡು ನನ್ನ ತಲೆ ಸವರಿ ದುಆ ಮಾಡಿದರು. ಐದು ರೂಪಾಯಿ ಐಸ್‌ಕ್ಯಾಂಡಿಗೆ ಹೋಯಿತು. ಮುಂದಿನ ರಮಝಾನ್‌ಗೆ ಅವರು ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಅದು ಮಕ್ಕಳಾಟವೆಂದು ನೀವು ಹೇಳಬಹುದು. ಪ್ರಾಯಕ್ಕೆ ಬರದ ಮಗುವಿನ ಮೇಲೆ ಪಾಪ ಬರೆಯಲ್ಪಡುವುದಿಲ್ಲ, ನಿಜ. ಆದರೆ ಇನ್ನೊಬ್ಬರ ಹಣದ ಹೊಣೆ ಅಳಿದುಹೋಗುವುದಿಲ್ಲವೆಂದು ಕಲಿತವನು ನಾನು. ತಿಳಿದ ಮೇಲೂ ಸುಮ್ಮನಿದ್ದ ವರ್ಷಗಳು ಮಗುವಿನವಲ್ಲ, ನನ್ನವೇ. ಅಷ್ಟು ವರ್ಷ ನಮಾಝ್ ಮಾಡಿದೆ, ಉಪವಾಸ ಹಿಡಿದೆ, ಪ್ರವಚನವನ್ನೂ ಕೊಟ್ಟೆ. ಕಿಲುಬು ಹಾಗೆಯೇ ಇತ್ತು.

ಅವರ ಕುಟುಂಬವನ್ನು ಹುಡುಕಲು ಪಕ್ಕದ ಊರುಗಳಿಗೆ ಹೋದೆ. ಹೆಸರು ಬಲ್ಲವರೇ ಸಿಗಲಿಲ್ಲ. ಹಕ್ಕುದಾರ ಸಿಗದಿದ್ದರೆ ಅವನ ಪರವಾಗಿ ದಾನ ಮಾಡಬೇಕು, ಮುಂದೆ ಸಿಕ್ಕಿದರೆ ಅವನಿಗೆ ಸಲ್ಲಿಸಲು ಸಿದ್ಧನಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ನಾನು ಹಾಗೆ ಮಾಡಿದೆ. ಆದರೆ ಅವರ ಮುಖ ನೋಡಿ ಕ್ಷಮೆ ಕೇಳುವ ಅವಕಾಶ ಕಳೆದುಹೋಯಿತು. ನಿಮಗೆ ಹಾಗಾಗದಿರಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ ಜನರ ಹಕ್ಕನ್ನು ಕಿತ್ತುಕೊಂಡವನೇ ಪರಲೋಕದಲ್ಲಿ ನಿಜವಾದ ದಿವಾಳಿ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಅಲ್ಲಿ ಹಣವಿಲ್ಲ. ಪುಣ್ಯದಿಂದಲೇ ಸಾಲ ತೀರಬೇಕು. ತೌಬಾ ಎಂಬುದು ನಾಲಿಗೆಯ ತುದಿಯ ಇಸ್ತಿಗ್‌ಫಾರ್ ಮಾತ್ರವಲ್ಲ. ತಪ್ಪನ್ನು ಬಿಡಬೇಕು, ನೊಂದುಕೊಳ್ಳಬೇಕು, ಮತ್ತೆ ಮಾಡೆನೆಂದು ನಿರ್ಧರಿಸಬೇಕು, ಜನರ ಹಕ್ಕಿದ್ದರೆ ಹಿಂದಿರುಗಿಸಬೇಕು. ಈ ನಾಲ್ಕನೆಯದೇ ಹುಣಸೆಹಣ್ಣು, ಮರಳಿನ ಕೆಲಸ. ಮೈ ಬಗ್ಗಿಸದೆ ಅದು ಆಗುವುದಿಲ್ಲ.

ಸಹೋದರನೇ, ನಿನ್ನ ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸು. ಕೂಲಿಯವನಿಗೆ "ನಾಳೆ ಬಾ" ಎಂದು ಹೇಳಿದ್ದರೆ ಇಂದೇ ಕೊಡು. ತಂಗಿಗೆ ಸಲ್ಲಬೇಕಾದ ಆಸ್ತಿಯ ಪಾಲು ನಿನ್ನ ಬಳಿ ಇದೆಯೇ, ನೋಡು. ಸಹೋದರಿಯೇ, ನೆರೆಮನೆಯಿಂದ ತಂದ ಪಾತ್ರೆ ನಿನ್ನ ಅಟ್ಟದಲ್ಲೇ ಉಳಿದಿದೆಯೇ? ಮನೆಗೆಲಸದವಳ ಸಂಬಳದಲ್ಲಿ ಮುರಿದದ್ದು ನ್ಯಾಯವೇ? ಹಕ್ಕುದಾರರು ಬದುಕಿರುವಾಗಲೇ ಅವರ ಬಾಗಿಲಿಗೆ ಹೋಗಿರಿ.

ಕಲಾಯಿ ಮಾಡುವ ಬಂಧುವಿಗೂ ಒಂದು ಮಾತು. ಖರ್ಚು ಉಳಿಸಲು ತವರದೊಂದಿಗೆ ಸೀಸ ಬೆರೆಸಬೇಡಿ. ಹೊಳಪು ಒಂದೇ ತರಹ ಕಾಣಬಹುದು, ಆದರೆ ಸೀಸ ವಿಷ. ಅದು ಮಕ್ಕಳ ಮೈಯನ್ನೂ ಬುದ್ಧಿಯನ್ನೂ ಕೆಡಿಸುತ್ತದೆ. ಗಿರಾಕಿಯ ಕಣ್ಣಿಗೆ ಕಾಣದ್ದು ಅಲ್ಲಾಹನಿಗೆ ಕಾಣುತ್ತದೆ.

ಯಾ ಅಲ್ಲಾಹ್, ನಮ್ಮ ಹೃದಯಗಳ ತುಕ್ಕನ್ನು ತೊಳೆ. ಇತರರ ಹಕ್ಕನ್ನು ಬದುಕಿರುವಾಗಲೇ ಹಿಂದಿರುಗಿಸುವ ಧೈರ್ಯ ಕೊಡು. ಹೊಗೆಯಲ್ಲಿ ಕಣ್ಣು ಸವೆಸಿ ದುಡಿದ ಆ ವೃದ್ಧರಂತಹ ಎಲ್ಲ ಶ್ರಮಜೀವಿಗಳ ಮೇಲೆ ಕರುಣೆ ತೋರು. ಆಮೀನ್.