ಮೊದಲಿನಂತೆ ಯಾವಾಗ?



ಇಟಲಿಯ ಆದ್ರಿಯಾನೊ ಮಲೋರಿ ವೃತ್ತಿಪರ ಸೈಕಲ್ ಸವಾರರಾಗಿದ್ದರು. 2015ರ ವಿಶ್ವ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್‌ನಲ್ಲಿ ಬೆಳ್ಳಿ ಪದಕ ಗೆದ್ದರು. ನಾಲ್ಕೇ ತಿಂಗಳಲ್ಲಿ, 2016ರ ಜನವರಿಯಲ್ಲಿ, ಅರ್ಜೆಂಟೀನಾದ ಸಾನ್ ಲೂಯಿಸ್ ಸ್ಪರ್ಧೆಯಲ್ಲಿ ಬಿದ್ದು ಮಿದುಳಿಗೆ ಪೆಟ್ಟಾಯಿತು. ವೈದ್ಯರು ಔಷಧಿ ಕೊಟ್ಟು ಕೋಮಾದಲ್ಲಿರಿಸಿದರು. ಎಚ್ಚರವಾದಾಗ ದೇಹದ ಬಲಭಾಗ ಸ್ವಾಧೀನದಲ್ಲಿರಲಿಲ್ಲ.

ಮಿದುಳಿನ ಗಾಯ ಮುರಿದ ಮೂಳೆಯಂತೆ ಕೂಡಿಕೊಳ್ಳುವುದಿಲ್ಲ. ನಾಶವಾದ ಭಾಗದ ಕೆಲಸವನ್ನು ಉಳಿದ ಭಾಗಗಳು ಕಲಿಯಬೇಕು, ಒಂದೇ ಚಲನೆಯನ್ನು ನೂರಾರು ಸಲ ಮಾಡಿ. ಮಲೋರಿ ಸ್ಪೇನಿನ ಪಾಂಪ್ಲೋನಾದಲ್ಲಿ ಹಾಗೆಯೇ ಕಲಿತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಮತ್ತೆ ಸ್ಪರ್ಧೆಗಿಳಿದರು. ಆದರೆ ಹಳೆಯ ಶಕ್ತಿ ಮರಳಲಿಲ್ಲ. 2017ರ ಜುಲೈಯಲ್ಲಿ, 29ನೇ ವಯಸ್ಸಿನಲ್ಲಿ, ನಿವೃತ್ತರಾದರು.

ಹಾಗಾದರೆ ಅವರು ಗುಣವಾಗಲಿಲ್ಲವೇ? ಆದರು. ಮೊದಲಿನಂತೆ ಆಗಲಿಲ್ಲ, ಅಷ್ಟೇ.

ನಿಮ್ಮ ಮನೆಯಲ್ಲೂ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮಗನೋ ಲಕ್ವ ಹೊಡೆದ ತಂದೆಯೋ ಇರಬಹುದು. "ಮೊದಲಿನಂತೆ ಯಾವಾಗ ಆಗುವುದು?" ಎಂದು ಪ್ರೀತಿಯಿಂದಲೇ ಕೇಳುತ್ತೇವೆ. ಕೇಳಿಸಿಕೊಂಡವರಿಗೆ ಮಾತ್ರ ಅದು ದಿನಕ್ಕೊಮ್ಮೆ ಸೋತಂತೆ.

ಪುನರುತ್ಥಾನರಾದ ಪ್ರಭು ಶಿಷ್ಯರ ನಡುವೆ ನಿಂತಾಗ ಕೈಗಳ ಗಾಯದ ಗುರುತು ಹಾಗೆಯೇ ಇತ್ತು. ಹೊಸ ಜೀವ ಬಂದಿತ್ತು, ಗುರುತು ಅಳಿದಿರಲಿಲ್ಲ. ಅವರು ಅದನ್ನು ಮುಚ್ಚಿಡಲೂ ಇಲ್ಲ, ತೋರಿಸಿದರು.

ಇಂದು ಸಂಜೆ ಆ ಪ್ರಶ್ನೆಯನ್ನು ಬದಿಗಿಡಿ. ಬಲ ಕುಂದಿದ ಆ ಕೈಯನ್ನು ಹಿಡಿದುಕೊಂಡು, ಇವತ್ತು ಏನು ಸಾಧ್ಯವಾಯಿತೆಂದು ಕೇಳಿ. ಒಂದು ಗುಂಡಿ ಹಾಕಿಕೊಂಡೆ ಎಂದರೆ, ದೇವರಿಗೆ ಸ್ತೋತ್ರ ಸಲ್ಲಿಸಿ.